ದಾರಿಗೆ ಚೆಲ್ಲುವ ಚರಟ

ಅವ್ವ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಕಷಾಯ ಬಸಿದಳು. ಬೆಂದ ಚೇಳು, ಸತ್ತ ರೇಷ್ಮೆಹುಳು, ಬಿಳಿ ಗೆಡ್ಡೆಯ ಚೂರು ತಳದಲ್ಲಿ ಚರಟವಾಗಿ ಉಳಿದವು.

"ಕುಡಿ. ಆಮೇಲೆ ಚರಟಾನ ದಾರಿ ಕೂಡೋ ಕಡೆ ಚೆಲ್ಲಿ ಬಾ. ಯಾರು ತುಳೀತಾರೋ ಅವರ ಬೆನ್ನು ಹತ್ತಿ ಹೋಗ್ಲಿ ನಿನ್ನ ಪೀಡೆ."

ಸುಚಿನ್ ಕುಡಿದಳು. ಒಂದು ಚಳಿಯ ಬೆಳಿಗ್ಗೆ ಏಳುವಷ್ಟರಲ್ಲಿ ಅವಳ ಬಾಯಿ ಎಡಕ್ಕೆ ಎಳೆದುಕೊಂಡು ಹೋಗಿತ್ತು, ಬಲಗಣ್ಣು ಮುಚ್ಚುತ್ತಿರಲಿಲ್ಲ. ಕೆನ್ನೆಗೆ ಹಾವುಮೀನಿನ ರಕ್ತ ಬಳಿದದ್ದೂ ಆಗಿತ್ತು. ಅದು ಒಣಗಿ ಬಿರಿಯಿತೇ ಹೊರತು ಬಾಯಿ ನೇರವಾಗಲಿಲ್ಲ. ನಿಶ್ಚಯವಾಗಿದ್ದ ಗಂಡಿನ ಕಡೆಯವರು ಸುದ್ದಿ ತಿಳಿದು, ಸಂಬಂಧ ಕುದುರಿಸಿದ್ದ ಕುವೋ ಚಿಕ್ಕಮ್ಮನನ್ನು ಅಟ್ಟಿದ್ದರು. ಅವಳು ನಡುಮನೆಯಲ್ಲಿ ಕೂತು ಕಲ್ಲಂಗಡಿ ಬೀಜ ಕಡಿಯುತ್ತಿದ್ದಳು.

"ಹುಡುಗನ ತಾಯಿ ಏನಂದ್ಲು ಗೊತ್ತೇನಮ್ಮ? 'ಈ ಸೊಸೆ ಉಣ್ಣೋಕೆ ಕೂತ್ರೆ ಅರ್ಧ ಅನ್ನ ನಮ್ಮ ಕೋಳಿಗೇ' ಅಂದ್ಲು. ಚಿಕ್ಕವಳನ್ನ ಕೊಡಿ. ಇವತ್ತೇ ಕರಕೊಂಡು ಹೋಗಿ ತೋರಿಸ್ತೀನಿ."

ಅವ್ವ ಕಿರಿಯ ಮಗಳು ಹೊಂಗ್ಯೆಯನ್ನು ಕರೆದು ತಲೆ ಬಾಚತೊಡಗಿದಳು.

ಮಡಕೆ ಎತ್ತಿಕೊಂಡು ಹೊರಟ ಸುಚಿನ್ ಕೂಡುದಾರಿಯವರೆಗೆ ಹೋಗಲಿಲ್ಲ. ತಮ್ಮದೇ ಹೊಸ್ತಿಲಾಚೆಯ ಕಲ್ಲುಮೆಟ್ಟಿಲಿನ ಉದ್ದಗಲಕ್ಕೂ ಚೆಲ್ಲಿ, ಬಾಗಿಲ ಪಕ್ಕ ನಿಂತಳು.

ಹೊಂಗ್ಯೆ ಬಂದಳು. ಸುಚಿನ್ ತನ್ನ ಮದುವೆಗೆಂದು ಹೊಲಿದುಕೊಂಡಿದ್ದ ಕೆಂಪು ಅಂಗಿ ಅವಳ ಮೈಮೇಲಿತ್ತು.

"ಬೈಬೇಡ್ವೇ ಅಕ್ಕಾ. ಅವ್ವನೇ ತೊಡಿಸಿದ್ದು," ಎನ್ನುತ್ತ ಕಾಲೆತ್ತಿದಳು.

"ನಿಲ್ಲೇ!" ಅವ್ವ ಅವಳ ಜಡೆ ಹಿಡಿದೆಳೆದಳು. ಮೆಟ್ಟಿಲು ನೋಡಿದಳು, ಸುಚಿನ್‌ಳ ಮುಖ ನೋಡಿದಳು. ಹೊಡೆಯಲಿಲ್ಲ.

"ಕೆಟ್ಟಿದ್ದು ಒಂದೇ ಸಾಕು ಈ ಮನೇಲಿ. ಚೆಲ್ಲಿದವಳು ನೀನು. ಕಾಲಿನ ಜೋಡು ಬಿಡು, ಬೆನ್ನು ಕೊಡು."

ಮದುಮಗಳನ್ನು ನೆಲ ಸೋಕದಂತೆ ಹೊತ್ತು ಹೊಸ್ತಿಲು ದಾಟಿಸುವುದು ಅಣ್ಣತಮ್ಮಂದಿರ ಕೆಲಸ. ಆ ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ.

"ಒಳ್ಳೇ ಶಕುನಾನೇ ಆಯ್ತು!" ಕುವೋ ಚಿಕ್ಕಮ್ಮ ನಕ್ಕಳು. "ಮದುವೆ ದಿನಾನೂ ಇವಳೇ ಹೊರ್ಲಿ. ಮುಸುಕು ಮಾತ್ರ ಮರೀಬೇಡಿ. ಹೆಣ್ಣಿಗಲ್ಲ, ಹೊರೋಳಿಗೆ."

ಸುಚಿನ್ ಬಗ್ಗಿದಳು. ತಂಗಿ ಬೆನ್ನೇರಿದಳು. ಬರಿಗಾಲಡಿ ಚರಟ ಇನ್ನೂ ಬೆಚ್ಚಗಿತ್ತು. ಪುಟ್ಟದೇನೋ ಚಟ್ಟೆಂದು ಪುಡಿಯಾಯಿತು. ಎರಡು ಕೈಗಳೂ ತಂಗಿಯನ್ನು ಹಿಡಿದಿದ್ದವು. ಬಾಯಿಯ ಬಲ ಅಂಚಿನಿಂದ ಜೊಲ್ಲು ಇಳಿಯಿತು.

ಹಿಂದಿನಿಂದ ಕೆಂಪು ಅಂಗಿಯ ತೋಳೊಂದು ಬಂದು ಅವಳ ಗಲ್ಲ ಒರೆಸಿತು. ಆಮೇಲೆ ಹೊಂಗ್ಯೆ ತೋಳಿನ ಆ ಒದ್ದೆ ಅಂಚನ್ನು ಕಾಣದ ಹಾಗೆ ಒಳಕ್ಕೆ ಮಡಚಿಕೊಂಡಳು.