ಮೂರು ಸಲ ಬರುವ ಅಪ್ಪ

"ಈ ಪುಸ್ತಕ ನನ್ನ ಮಗಳಿಗೆ ಕೊಟ್ಟೋರು ಯಾರು?"

ಕನ್ನಡಕದ ಅಂಗಡಿಯವನು ಕೇಳಿದ ರೀತಿಗೆ ಗ್ರಂಥಾಲಯದಲ್ಲಿ ಪೇಪರ್ ಓದುತ್ತಿದ್ದ ಇಬ್ಬರು ತಲೆಯೆತ್ತಿದರು. ಪುಸ್ತಕವನ್ನು ಅವನು ಮೇಜಿನ ಮೇಲೆ ಇಟ್ಟಿರಲಿಲ್ಲ, ಕುಕ್ಕಿದ್ದ.

ಗ್ರಂಥಪಾಲಕಿ ಕೊನೆಯ ಪುಟದ ಚೀಟಿ ನೋಡಿದಳು. "ನಾಲ್ಕು ಸಲ ತಗೊಂಡಿದ್ದಾಳೆ. ಯಾಕೆ, ಏನಾಯ್ತು?"

"ಏನಾಯ್ತಾ? ಹದಿನೈದು ವರ್ಷದ ಹುಡುಗಿ, ಮನೇಲಿ ಬಾಯೇ ಬಿಡಲ್ಲ. ಏನು ಕೇಳಿದ್ರೂ ಹೂಂ, ಉಹೂಂ. ಇದರಲ್ಲೇನೋ ಇದೆ ಅಂತ ನಾನೇ ಓದಿದೆ ಮೇಡಂ. ಅಂಗಡೀಲಿ, ಗಿರಾಕಿಗಳ ಮಧ್ಯೆ, ಹನ್ನೊಂದು ದಿನ."

ಶಾಲೆ ಬಿಟ್ಟ ಮೇಲೆ ಅವನು ಓದಿದ್ದೆಂದರೆ ಕಣ್ಣಿನ ಡಾಕ್ಟರ ಚೀಟಿಗಳು ಮಾತ್ರ. ಈ ಕಾದಂಬರಿಯ ದೆಸೆಯಿಂದ ಒಬ್ಬರ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಬೈಸಿಕೊಂಡಿದ್ದ. ಈಜಿನ ತಂಡ ಬಿಟ್ಟ ಹುಡುಗಿಯೊಬ್ಬಳು ಅದನ್ನು ಮನೆಯಲ್ಲಿ ಹೇಳಲಾರದೆ, ದಿನಾ ಒದ್ದೆ ಟವೆಲು ಹೊತ್ತು ತಿರುಗುವ ಕಥೆ ಅದು.

"ಇನ್ನೂರ ಮೂವತ್ತು ಪುಟದಲ್ಲಿ ಅಪ್ಪ ಬರೋದು ಮೂರೇ ಸಲ ಕಣ್ರೀ. ಮೂರೂ ಸಲ ಬಾಗಿಲಲ್ಲೇ ನಿಂತು ಮಾರ್ಕ್ಸ್ ಎಷ್ಟು ಅಂತ ಕೇಳಿ ಹೋಗ್ತಾನೆ. ಯಾರ ಮನೇಲಾದ್ರೂ ಹಾಗಿರುತ್ತಾ? ಬರೆದೋರಿಗೆ ಅಪ್ಪ ಇರ್ಲಿಲ್ವಾ?"

"ನಾನು ಕೊಟ್ಟಿದ್ದಲ್ಲ," ಎಂದಳು ಗ್ರಂಥಪಾಲಕಿ. "ಅವಳೇ ನನಗೆ ಓದಿ ಅಂತ ಕೊಟ್ಟಿದ್ದು. ಬನ್ನಿ."

ಹದಿಹರೆಯದವರ ಕಾದಂಬರಿಗಳಿಗೆಂದೇ ಕಿಟಕಿಯ ಪಕ್ಕ ಎರಡು ಕಪಾಟುಗಳಿದ್ದವು. ಓದಿದ ಮಕ್ಕಳು ಬೇರೆಯವರಿಗಾಗಿ ಬರೆದು ಅಂಟಿಸಿದ ಹಳದಿ ಚೀಟಿಗಳು ಅಂಚಿನುದ್ದಕ್ಕೂ ಅಲ್ಲಾಡುತ್ತಿದ್ದವು. ಅರ್ಧಕ್ಕರ್ಧ ಅವನ ಮಗಳ ವಾಲಿದ ಅಕ್ಷರ. 'ಮಧ್ಯದಲ್ಲಿ ಬೋರು, ಬಿಡಬೇಡಿ.' 'ನಾಯಕಿ ಶುದ್ಧ ಪೆದ್ದಿ. ಆದರೂ ಅಳು ಬಂತು.' ಮನೆಯಲ್ಲಿ ಒಂದು ವರ್ಷಕ್ಕೆ ಆಡುವಷ್ಟು ಮಾತು ಅಲ್ಲಿತ್ತು. ಅವನು ತಂದಿದ್ದ ಪುಸ್ತಕ ಇರಬೇಕಿದ್ದ ಖಾಲಿ ಜಾಗದ ಕೆಳಗೆ ಎರಡೇ ಸಾಲು: 'ಅಪ್ಪಂದಿರು ಓದಬೇಕು. ಓದಲ್ಲ.'

ಯಾರ ಮೇಲಾದರೂ ರೇಗಬೇಕೆಂದು ಬಂದಿದ್ದ. ರೇಗಲು ಯಾರೂ ಉಳಿದಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವನು ಮಗಳ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕುಳಿತ.

"ಆ ಈಜೋ ಹುಡುಗಿ ಕಥೆ ಓದಿದೆ."

ಅವಳ ಮುಖ ಕೆಂಪಾಯಿತು. "ನೀನಾ ತಗೊಂಡಿದ್ದು? ಕಳೆದುಹೋಯ್ತು ಅಂತ ಮನೆಯೆಲ್ಲ ಹುಡುಕಿದೀನಿ! ಕೇಳೋಕಾಗ್ತಿರ್ಲಿಲ್ವಾ?"

"ಅಪ್ಪಂದಿರು ಓದಬೇಕು ಅಂತ ನೀನೇ ಬರ್ದಿದ್ಯಲ್ಲ."

"ಚೀಟೀನೂ ನೋಡಿದ್ಯಾ? ಅಯ್ಯೋ ಅಪ್ಪ!"

"ಅಲ್ಲ, ಆ ಅಪ್ಪನಿಗೂ ಏನೋ ಕಷ್ಟ ಇದ್ದಿರಬೇಕು. ಅದನ್ನ ಬರೆದೇ ಇಲ್ಲ."

"ಯಾಕೆ ಬರೀಬೇಕು? ಅದು ಅವನ ಕಥೆ ಅಲ್ಲ!"

"ಸರಿ ಮಾರಾಯ್ತಿ. ಅವಳಾದ್ರೂ ಬಾಯಿ ಬಿಟ್ಟು ಹೇಳ್ಬಹುದಿತ್ತಲ್ಲ?"

"ಹೇಳ್ತಾಳಪ್ಪ! ಅವಳಪ್ಪ ಎರಡನೇ ಸಲ ಬಂದಾಗ. ಅಷ್ಟೊತ್ತಿಗೆ ಅವನು ಮೆಟ್ಟಿಲಿಳೀತಿರ್ತಾನೆ. ನೀನು ಸರಿಯಾಗಿ ಓದೇ ಇಲ್ಲ."

ಆ ಸಾಲು ಅವನಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅದನ್ನು ಓದುವಾಗ ಯಾರೋ ಗಿರಾಕಿ ಬಂದಿರಬೇಕು.

"ನೀನೂ ಏನಾದ್ರೂ ಹೇಳಿದ್ಯಾ ನಂಗೆ? ನಾನು ಕೇಳಿಸ್ಕೊಳ್ದೆ..."

"ಹೋಗ್ಲಿ ಬಿಡು."

ಅವನು ಏಳಲಿಲ್ಲ. ಎದ್ದು ಹೋಗಲೆಂದು ಅವಳು ಕಾದಳು. ಕಾದು ಸಾಕಾಗಿ ಮೇಜಿನಿಂದ ಬೇರೊಂದು ಪುಸ್ತಕ ತೆಗೆದು ಅವನ ತೊಡೆಯ ಮೇಲೆ ಹಾಕಿದಳು.

"ಇದನ್ನ ಓದು. ಇಲ್ಲೇ ಕೂತು. ಮಧ್ಯ ಮಧ್ಯ ಮಾತಾಡ್ಬೇಡ."

ಅರ್ಧ ಪುಟವೂ ಆಗಿರಲಿಲ್ಲ, ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅಂಗಿಯ ಮೇಲಿನಿಂದಲೇ ಅದನ್ನು ಅದುಮಿ ಹಿಡಿದು, ಅದು ಸುಮ್ಮನಾದ ಮೇಲೆ ಅವನು ಮತ್ತೆ ಮೊದಲ ಸಾಲಿಗೆ ಬಂದ. ಮಗಳು ಗೋಡೆಯ ಕಡೆ ತಿರುಗಿ ತನ್ನ ಪುಸ್ತಕ ಹಿಡಿದಿದ್ದಳು. ಬಹಳ ಹೊತ್ತಾದರೂ ಆ ಕಡೆಯಿಂದ ಪುಟ ತಿರುಗಿದ ಸದ್ದು ಬರಲಿಲ್ಲ.