ಫಿಟ್ಟರ್ ಅರ್ಜುನಪ್ಪನ ಆಪರೇಶನ್

ಅರ್ಜುನಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಮೊದಲ ಹೆಂಡತಿ ತೀರಿಕೊಂಡು ಬಹಳ ವರ್ಷಗಳ ಮೇಲೆ, ಐವತ್ತರ ಆಸುಪಾಸಿನಲ್ಲಿ, ಮುಗದ ಎಂಬ ಹಳ್ಳಿಯ ಸತ್ಯವ್ವನನ್ನು ಲಗ್ನವಾದ. ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ. ಓಣಿಯವರು ಆಡಿಕೊಂಡರು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಕೂಸಾಗಲಿ ಎಂಬ ಆಸೆಯೊಂದಿತ್ತು, ಅಷ್ಟೇ.

೧೯೬೧ರ ಮಳೆಗಾಲದಲ್ಲಿ ಅವನಿಗೆ ಮೂತ್ರ ಕಟ್ಟತೊಡಗಿತು. ಜೊತೆಗೆ ಸೊಂಟನೋವು. ಕಬ್ಬಿಣ ಎತ್ತಿದ್ದಕ್ಕೆ ಬಂದದ್ದೆಂದು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಒಂದು ದಿನ ಮೂತ್ರ ಪೂರ್ತಿ ನಿಂತು ಒದ್ದಾಡಿದಾಗ ಸತ್ಯವ್ವ ಟಾಂಗಾದಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ನಳಿಕೆ ಹಾಕಿ ಮೂತ್ರ ತೆಗೆದರು, ಎಕ್ಸ್‌ರೇ ಮಾಡಿಸಿದರು. ಮರುದಿನ ಹಾಸಿಗೆಯ ಪಕ್ಕ ಕುಳಿತು ಹೇಳಿದರು.

"ಮೂತ್ರಚೀಲದ ಬುಡಕ್ಕ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರ್ತದ. ಅಲ್ಲೆ ಕ್ಯಾನ್ಸರ್ ಆಗೇದ, ಬೆನ್ನೆಲುಬಿಗೂ ಹಬ್ಬೇದ. ಪೂರ್ತಿ ವಾಸಿ ಆಗೂದಿಲ್ಲ. ಆದ್ರ ಅದನ್ನ ಬೆಳಸೂ ಗಂಡು ಹಾರ್ಮೋನು ವೃಷಣದಾಗ ಹುಟ್ತದ; ವೃಷಣ ತಗದು, ಹೆಣ್ಣು ಹಾರ್ಮೋನಿನ ಗುಳಿಗಿ ಕೊಟ್ರ ನೋವು ಇಳೀತದ. ಒಂದೆರಡು ವರ್ಷ ಛಲೋ ಇರ್ತೀರಿ."

"ಮಕ್ಕಳು?" ಎಂದ ಅರ್ಜುನಪ್ಪ.

ಆಗುವುದಿಲ್ಲವೆಂದು ಡಾಕ್ಟರು ತಲೆಯಾಡಿಸಿದರು.

ಅವರು ಹೋದ ಮೇಲೆ ಅವನು ಗೋಡೆಯ ಕಡೆ ಹೊರಳಿದ. "ನೀ ಮುಗದಕ್ಕ ಹೋಗು ಸತ್ಯವ್ವ. ಇನ್ನೂ ಸಣ್ಣಾಕಿ ಅದಿ. ಮತ್ತೊಬ್ಬನ ಕೂಡ ಉಡಕಿ ಲಗ್ನ ಆಗು. ನಿಮ್ಮಣ್ಣಗ ನಾನ ಹೇಳ್ತೇನಿ."

ಸತ್ಯವ್ವ ಗಂಜಿಯ ಬಟ್ಟಲು ಕೈಗೆತ್ತಿಕೊಂಡಳು.

"ಕೂಸು ಬೇಕಂತ ಅಂದಿದ್ದೆ, ಖರೇ. ಆದ್ರ ಕೂಸಿಗಂತ ನಿಮ್ಮನ್ನ ಮಾಡ್ಕೊಂಡಿಲ್ರಿ. ಈ ಕಡೆ ಹೊರಳ್ರಿ, ಗಂಜಿ ಆರಾಕತ್ತೈತಿ."

ಆಪರೇಶನ್ ಆಯಿತು. ಕೆಲವೇ ದಿನಗಳಲ್ಲಿ ಸೊಂಟನೋವು ಇಳಿಯಿತು. ಅವನು ಕೆಲಸಕ್ಕೂ ಮರಳಿದ. ಆದರೆ ಗುಳಿಗೆಗಳಿಂದ ಎದೆ ಹೆಂಗಸರಂತೆ ಊದಿತು, ಅಂಗಿ ತಾಕಿದರೂ ನೋಯುತ್ತಿತ್ತು. ಅಂಗಳದಲ್ಲಿ ಮೈತೊಳೆಯುತ್ತಿದ್ದವನು ಈಗ ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಳ್ಳತೊಡಗಿದ. ಒಂದು ಸಂಜೆ ಒಳಗಿನಿಂದ ಅಳು ಕೇಳಿಸಿತು. ಸತ್ಯವ್ವ ಬಾಗಿಲು ತಟ್ಟಿದಳು; ಅವನು ತೆರೆಯಲಿಲ್ಲ. ಅವಳು ಹೊಸ್ತಿಲಲ್ಲೇ ಕುಳಿತಳು. ಕೊನೆಗೆ ಅಗಳಿ ಸರಿಯಿತು.

"ನೋಡಬ್ಯಾಡ," ಎಂದ.

"ನಿಮ್ಮನ್ನ ಬಿಟ್ಟು ಯಾರನ್ನ ನೋಡ್ಲಿ," ಎಂದು ಅವಳು ಒಳಗೆ ಹೋಗಿ ಬೆನ್ನು ತಿಕ್ಕಿದಳು. ಆಮೇಲೆ ದಿನವೂ ಅವಳೇ ನೀರು ಹಾಕಿದಳು.

ಎರಡನೆಯ ಬೇಸಿಗೆಯಲ್ಲಿ ನೋವು ಬೆನ್ನಿಗೆ ಮರಳಿತು. ಗುಳಿಗೆ ಹೆಚ್ಚಿಸಿದರು, ನಾಟಲಿಲ್ಲ. ದೀಪಾವಳಿಯ ಹೊತ್ತಿಗೆ ಅವನು ಹಾಸಿಗೆ ಹಿಡಿದ. ಒಂದು ಬೆಳಿಗ್ಗೆ ಸತ್ಯವ್ವ ಅವನ ಪಾದಗಳಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಅವನು ಮೇಲಿನ ಹಂಚು ನೋಡುತ್ತ ಮಲಗಿದ್ದ.

"ಸತ್ಯವ್ವ, ಕಾಲಿಗೆ ಒಂಚೂರು ಎಣ್ಣಿ ಹಚ್ಚತಿ ಏನು?"

ಅವಳ ಕೈ ನಿಂತಿತು. ಅವನ ಕಾಲುಗಳಲ್ಲಿ ಸ್ಪರ್ಶವೇ ಉಳಿದಿರಲಿಲ್ಲ.

"ಹೂಂ ರಿ," ಎಂದಳು. "ಈಗ ಹಚ್ಚತೇನಿ."

ಮರುವಾರ ಅವನು ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಅಣ್ಣ ಅವಳನ್ನು ಊರಿಗೆ ಕರೆದ.

"ಬರ್ತೇನಿ ಅಣ್ಣಾ, ಇವತ್ತ ಬ್ಯಾಡ," ಎಂದಳು ಸತ್ಯವ್ವ.

ಅಣ್ಣ ತಿಂಗಳು ತಿಂಗಳು ಬಂದು ಕರೆದ. ಅವಳು ಅದನ್ನೇ ಹೇಳುತ್ತ ಬಂದಳು.