ಕೋಳಿ ಕೂತ ಸ್ಕೂಟಿ

ಶಾಹೀನಳ ಬಸಿರು ಎರಡೇ ತಿಂಗಳಿಗೆ ಹೋದಾಗ ಕಾರಣ ಹುಡುಕಲು ದರಿಬಡಚಿ ಊರಿನ ಆಕೆಯ ಓಣಿಗೆ ಒಂದು ಮಧ್ಯಾಹ್ನ ಸಾಕಾಯಿತು. ಒಬ್ಬಳು ಪಪ್ಪಾಯಿ ಅಂದಳು, ಇನ್ನೊಬ್ಬಳು ಗ್ರಹಣ ಅಂದಳು. ಆ ತಿಂಗಳು ಗ್ರಹಣವೇ ಇರಲಿಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಕಡೆಗೆ ಗೆದ್ದದ್ದು ಸ್ಕೂಟಿ. ವಳಸಂಗದ ಶಾಲೆಗೆ ಪಾಠ ಹೇಳಲು ಆಕೆ ದಿನಾ ಹೋಗುತ್ತಿದ್ದದ್ದು ಅದರ ಮೇಲೆ, ದಾರಿಯ ತಗ್ಗುಗಳಂತೂ ಎಲ್ಲರಿಗೂ ಗೊತ್ತು.

ಅತ್ತೆ ಮಹಮುದಾ ಸ್ಕೂಟಿಯ ಮೇಲೆ ಹೊದಿಕೆ ಎಳೆದಳು. ಚಾವಿಯನ್ನು ತನ್ನ ಎಲೆಅಡಿಕೆಯ ಚಂಚಿಗೆ ಇಳಿಸಿಕೊಂಡಳು, ಅಷ್ಟೇ. ಶಾಹೀನ ಹದಿನಾಲ್ಕು ಮಂದಿ ತುಂಬಿದ ಟಮಟಮ ಆಟೋದಲ್ಲಿ ಶಾಲೆಗೆ ಹೋಗತೊಡಗಿದಳು. ಟಮಟಮದ ಕುಲುಕಾಟಕ್ಕೆ ಓಣಿಯ ಆಕ್ಷೇಪಣೆ ಇರಲಿಲ್ಲ. ಪ್ರತಿ ತಗ್ಗಿಗೂ ಆಕೆಗೆ ಒಂದೇ ಯೋಚನೆ: ನಿಜಕ್ಕೂ ನಾನೇ ಕಳಕೊಂಡೆನೇ?

ಹೊದಿಸಿಟ್ಟ ಸ್ಕೂಟಿಯ ಕಾಲಿಡುವ ಜಾಗದಲ್ಲಿ ಅತ್ತೆಯ ಕೆಂಪು ಕೋಳಿ ಹನ್ನೆರಡು ತತ್ತಿಗಳ ಮೇಲೆ ಕಾವಿಗೆ ಕೂತಿತು. ಹತ್ತು ಮರಿ ಹೊರಬಂದ ಮರುದಿನವೇ ಜತ್ತಿನ ಡಾಕ್ಟರಬಾಯಿಯ ಫೋನು ಬಂತು: ಬಸಿರು ಹೋದ ದಿನ ಪರೀಕ್ಷೆಗೆ ಕಳಿಸಿದ್ದ ಪಿಂಡದ ತುಣುಕಿನ ರಿಪೋರ್ಟು ಬಂದಿದೆ. ಅತ್ತೆ, ಸೊಸೆ ಇಬ್ಬರೂ ಹೋದರು.

"ನಮ್ಮ ಮೈಯಾಗಿನ ಒಂದೊಂದು ಜೀವಕಣದಾಗ ನಲವತ್ತಾರು ಕ್ರೋಮೋಸೋಮ್ ಇರಬೇಕ್ರಿ. ಈ ಪಿಂಡದಾಗ ನಲವತ್ತೇಳು ಆಗಿದ್ವು. ಮೊದಲನೇ ದಿನಾನ ಎಣಿಕಿ ತಪ್ಪಿತ್ತು. ಲಗೂನ ಹೋಗೂ ಬಸಿರಿನ್ಯಾಗ ಅರ್ಧದಷ್ಟರೆ ಹಿಂಗ ಹೋಗ್ತಾವ. ಯಾರದೂ ತಪ್ಪಲ್ಲ. ಮುಂದಿನದು ಚಲೋ ಆಗೂದ ಹೆಚ್ಚು."

"ಸ್ಕೂಟಿ?" ಅಂದಳು ಮಹಮುದಾ.

"ಸ್ಕೂಟಿಗೂ ಇದಕ್ಕೂ ಸಂಬಂಧಿಲ್ರಿ."

"ಬಸಿರು ಹೋಗೂ ಹಿಂದಿನ ದಿನ ವಳಸಂಗದಿಂದ ಜ್ವಾಳದ ಚೀಲ ಹೇರಕೊಂಡು ಬಾ ಅಂತ ನಾನ ಹೇಳಿದ್ದೆ. ಅದು?"

"ಜ್ವಾಳಕ್ಕೂ ಇಲ್ಲ."

ಚಾವಿ ಚಂಚಿ ಸೇರಿದ್ದು ತನ್ನ ಮೇಲಿನ ಸಿಟ್ಟಿಗೆ ಎಂದೇ ನಂಬಿದ್ದ ಶಾಹೀನ ಅತ್ತೆಯ ಕಡೆ ತಿರುಗಿದಳು. ಆಕೆ ಸೆರಗಿನಿಂದ ಕನ್ನಡಕ ಒರೆಸುತ್ತಿದ್ದಳು, ಒರೆಸಬೇಕಾದದ್ದು ಕಣ್ಣು.

ಮನೆಗೆ ಬಂದಾಗ ಎದುರುಮನೆಯ ರುಕ್ಮವ್ವ ಕಟ್ಟೆಯ ಮೇಲೆ ತಯಾರಾಗಿ ಕೂತಿದ್ದಳು. "ಸ್ಕೂಟಿದ ತಪ್ಪು ಹೌದಂತಿಲ್ಲೋ?"

"ಹನ್ನೆರಡು ತತ್ತಿ ಇಟ್ಟಿದ್ದೆ, ಎರಡು ಮರಿ ಆಗಲಿಲ್ಲ," ಅಂದಳು ಮಹಮುದಾ. "ನನ್ನ ಕೋಳಿ ಯಾವ ಸ್ಕೂಟಿ ಹೊಡದಿತ್ತವಾ ರುಕ್ಮವ್ವ?"

"ಸ್ಕೂಟಿ ಮ್ಯಾಲೆ ಕುಂತಿತ್ತಲ್ಲ."

"ನಿಂತ ಸ್ಕೂಟಿ."

ರುಕ್ಮವ್ವನಿಗೇ ಮೊದಲು ನಗು ಬಂತು. ಆ ನಗೆಯಲ್ಲೇ ಮಹಮುದಾ ಕೋಳಿಯನ್ನೂ ಮರಿಗಳನ್ನೂ ಬುಟ್ಟಿಗೆ ಸಾಗಿಸಿದಳು, ಅಡಿಕೆಪುಡಿ ಮೆತ್ತಿದ ಚಾವಿ ತೆಗೆದು ಸೊಸೆಯ ಕೈಗಿಟ್ಟಳು, ಹುಟ್ಟಿದಾಗಿನಿಂದ ಸ್ಕೂಟಿ ಹತ್ತದ ಹೆಂಗಸು ಹಿಂದಿನ ಸೀಟು ಹತ್ತಿ ಕೂತೂಬಿಟ್ಟಳು.

"ಎಲ್ಲಿಗ್ರಿ ಅಮ್ಮಾ?"

"ವಳಸಂಗಕ್ಕ. ಅದ ತಗ್ಗಿನ ದಾರೀಲೆ ನಡಿ."

"ಮತ್ತ ಜ್ವಾಳೇನ್ರಿ?"

"ಪೇಢೆ. ಓಣಿಗೆಲ್ಲಾ ಹಂಚೂಣು. ಕಾರಣ ಹುಡುಕಿ ಹುಡುಕಿ ದಣದಾರ, ಪಾಪ."